ವೈಮಾನಿಕ ಶಾಸ್ತ್ರದ ಕಾಲವಿಚಾರ

ಪ್ರಾಚೀನ ಭಾರತೀಯರು ವಿಮಾನನಿರ್ಮಾಣವನ್ನು ಬಲ್ಲವರಾಗಿದ್ದರೆಂಬ ವಾದಕ್ಕೆ ಮುಖ್ಯಾಧಾರವಾಗಿ ಉದಾಹೃತವಾಗುವ ಗ್ರಂಥವು ‘ವೈಮಾನಿಕ ಶಾಸ್ತ್ರ’. ಇದು ಭರದ್ವಾಜಮಹರ್ಷಿಪ್ರಣೀತವಾದ ‘ಯಂತ್ರಸರ್ವಸ್ವ’ದ ಒಂದು ಭಾಗವೆಂದೂ, ಇದಕ್ಕೆ ಬೋಧಾನಂದನು ವೃತ್ತಿಯನ್ನು ರಚಿಸಿದನೆಂದೂ ಹೇಳಿಕೆಯುಂಟು. ಗ್ರಂಥವು ಬೆಳಕಿಗೆ ಬಂದುದು ಕನ್ನಡನಾಡಿನಲ್ಲಿಯೇ ಆದುದರಿಂದ, ಅದರ ಪ್ರಾಮಾಣ್ಯವನ್ನು ವಿಚಾರಿಸುವ ಹೊಣೆಯು ನಮ್ಮ ಮೇಲೆ ವಿಶೇಷವಾಗಿದೆ.

ಮೊದಲು ಬಹಿರಂಗಪ್ರಮಾಣವನ್ನು ಪರಿಶೀಲಿಸೋಣ. ಆನೇಕಲ್ಲಿನ ಪಂಡಿತ ಸುಬ್ಬರಾಯ ಶಾಸ್ತ್ರಿಗಳು ಇದನ್ನು 1918ರಿಂದ 1923ರವರೆಗೆ ಬಾಯಿಂದ ಹೇಳಿ, ವೆಂಕಟಾಚಲ ಶರ್ಮರಿಂದ ಬರೆಯಿಸಿದರು. ಇದರ ಚಿತ್ರಗಳನ್ನು 1923ರಲ್ಲಿ ಬೆಂಗಳೂರಿನ ಎಲ್ಲಪ್ಪನವರೆಂಬ ನಕ್ಷೆಗಾರರು ರಚಿಸಿದರು. 1959ರಲ್ಲಿ ಹಿಂದೀ ಅನುವಾದವೂ, 1973ರಲ್ಲಿ ಮೈಸೂರಿನ ಜಿ. ಆರ್. ಜೋಸ್ಯರ್ ಅವರ ಇಂಗ್ಲಿಷ್ ಅನುವಾದವೂ ಪ್ರಕಟವಾದುವು. ಗ್ರಂಥವು ಅಲೌಕಿಕವಾಗಿ ಲಭಿಸಿತೆಂಬುದು ಶಾಸ್ತ್ರಿಗಳ ನಂಬಿಕೆ; ಅದಕ್ಕೆ ಆಧಾರವಾದ ಹಳೆಯ ಓಲೆಯ ಪ್ರತಿಯೊಂದೂ ಮುಂದೆ ಬಂದಿಲ್ಲ. ರೈಟ್ ಸಹೋದರರ ವಿಮಾನವು 1903ರಲ್ಲಿಯೇ ಹಾರಿದ್ದಿತೆಂಬುದನ್ನೂ ಇಲ್ಲಿ ಮರೆಯಲಾಗದು.

ಇನ್ನು ಅಂತರಂಗಪ್ರಮಾಣ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಎಚ್. ಎಸ್. ಮುಕುಂದ ಮೊದಲಾದ ಐವರು ವಿದ್ವಾಂಸರು 1974ರಲ್ಲಿ ಇದನ್ನು ವಿಮರ್ಶಿಸಿ, ಇದರ ಸಂಸ್ಕೃತವು ವೈದಿಕವಲ್ಲ, ಆಧುನಿಕವಾದುದೆಂದು ತೋರಿಸಿದರು. ಶಕುನ, ಸುಂದರ, ರುಕ್ಮ, ತ್ರಿಪುರಗಳೆಂಬ ವಿಮಾನಗಳಲ್ಲಿ ಒಂದೂ ಹಾರಲಾರದೆಂದೂ, ಗ್ರಂಥವು 20ನೆಯ ಶತಮಾನದ ಆದಿಭಾಗದ್ದೆಂದೂ ಅವರ ನಿರ್ಣಯ.

ಹಾಗಾದರೆ ನಮ್ಮ ಸಾಹಿತ್ಯದಲ್ಲಿ ವಿಮಾನವೇ ಇಲ್ಲವೆ? ಉಂಟು. ರಾಮಾಯಣದ ಪುಷ್ಪಕವು ಸರ್ವವಿದಿತ. 11ನೆಯ ಶತಮಾನದ ಭೋಜರಾಜನ ‘ಸಮರಾಂಗಣ ಸೂತ್ರಧಾರ’ವು ಪಾದರಸದ ಬಲದಿಂದ ಹಾರುವ ಮರದ ಹಕ್ಕಿಯನ್ನು ವರ್ಣಿಸುತ್ತದೆ, ಆದರೆ ಯಂತ್ರಗಳ ನಿರ್ಮಾಣವಿಧಿಯನ್ನು ಗೋಪ್ಯವೆಂದು ಬಿಟ್ಟುಬಿಡುತ್ತದೆ. ಇವು ಕವಿಪ್ರತಿಭೆಗೂ ಕುತೂಹಲಕ್ಕೂ ಸಾಕ್ಷಿಗಳೇ ಹೊರತು ಹಾರಾಟಕ್ಕೆ ಸಾಕ್ಷಿಗಳಲ್ಲ.

ಇದಕ್ಕೆ ಪ್ರತಿಯಾಗಿ ದಿಲ್ಲಿಯ ಕಬ್ಬಿಣದ ಕಂಬವನ್ನು ನೋಡಬಹುದು. ಸುಮಾರು 7 ಮೀಟರು ಉದ್ದದ, 6 ಟನ್ನಿಗೂ ಮಿಕ್ಕಿದ ತೂಕದ ಈ ಕಂಬದ ಶಾಸನದಲ್ಲಿರುವ ಚಂದ್ರನನ್ನು ವಿದ್ವಾಂಸರು ಸಾಮಾನ್ಯವಾಗಿ ಎರಡನೆಯ ಚಂದ್ರಗುಪ್ತನೆಂದು ಗುರುತಿಸುತ್ತಾರೆ. ಕಬ್ಬಿಣದ ಮುದ್ದೆಗಳನ್ನು ಕಾಯಿಸಿ, ಬಡಿದು, ಬೆಸೆದು ಇದನ್ನು ಮಾಡಿದರು. ಲೋಹದಲ್ಲಿ ಹೆಚ್ಚಾಗಿರುವ ರಂಜಕಾಂಶದ ಪ್ರಭಾವದಿಂದ ಮೇಲ್ಮೈಯಲ್ಲಿ ರಕ್ಷಕವಾದ ತೆಳುಪೊರೆಯುಂಟಾಗಿ, ತುಕ್ಕು ತಡೆಯಲ್ಪಟ್ಟಿದೆ. ಇಲ್ಲಿ ವಸ್ತುವೂ ಉಂಟು, ಲಿಪಿಯೂ ಉಂಟು, ಪರೀಕ್ಷೆಗೆ ಅವಕಾಶವೂ ಉಂಟು.

ಶಾಸ್ತ್ರಿಗಳ ಸದುದ್ದೇಶವನ್ನು ಶಂಕಿಸುವುದು ಈ ಲೇಖನದ ಇಂಗಿತವಲ್ಲ. ಆದರೆ ಆಧಾರವಿಲ್ಲದ ಕೀರ್ತಿಯನ್ನು ಪೂರ್ವಿಕರಿಗೆ ಕಟ್ಟಿದರೆ, ಆಧಾರವುಳ್ಳ ಕೀರ್ತಿಯೂ ಸಂದೇಹಕ್ಕೆ ಗುರಿಯಾಗುವುದು. ಹೆಸರಿಲ್ಲದ ಆ ಕಮ್ಮಾರರಿಗೆ ನಾವು ಸಲ್ಲಿಸಬೇಕಾದ ಗೌರವವು ಸತ್ಯಶೋಧನೆಯೇ ಆಗಿದೆ.