ಜಲಸಂಧಿಯಲ್ಲಿ ಹಡಗಿಗೆ ಕಳ್ಳರು ಹತ್ತಿದರೆ ಹಿಡಿಯುವವರು ಯಾರು?

ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರಿಗೆ ಕಡಲು ದೂರ. ಆದರೂ ಅಲ್ಲಿನ ಕಿರಾಣಿ ಅಂಗಡಿಗಳಲ್ಲಿ ಮಾರುವ ತಾಳೆ ಎಣ್ಣೆ ಹೆಚ್ಚಾಗಿ ಇಂಡೊನೇಷ್ಯಾ, ಮಲೇಷ್ಯಾಗಳದ್ದು. ಅದನ್ನು ತರುವ ಎಷ್ಟೋ ಹಡಗುಗಳು ಮಲಕ್ಕಾ ಜಲಸಂಧಿ ಹಾದು ಬರುತ್ತವೆ. ಅಲ್ಲಿ ಕಳ್ಳರು ಹಡಗು ಹತ್ತಿದರೆ ನಮ್ಮ ನೌಕಾಪಡೆ ನುಗ್ಗಿ ಹಿಡಿಯಬಹುದೇ?

ಆ ದೇಶದ ಒಪ್ಪಿಗೆಯಿಲ್ಲದೆ ಹಿಡಿಯುವಂತಿಲ್ಲ. 1982ರ ವಿಶ್ವಸಂಸ್ಥೆಯ ಸಮುದ್ರ ಕಾನೂನು ಒಪ್ಪಂದದ ಪ್ರಕಾರ, ಯಾವ ದೇಶದ ಪ್ರಾದೇಶಿಕ ನೀರಿಗೂ ಸೇರದ ಕಡಲಲ್ಲಿ ನಡೆದರಷ್ಟೇ ಅದು ಕಡಲ್ಗಳ್ಳತನ. ತೀರದಿಂದ 12 ನಾಟಿಕಲ್ ಮೈಲಿಯೊಳಗೆ, ಅಂದರೆ ಸುಮಾರು 22 ಕಿ.ಮೀ. ಒಳಗೆ ನಡೆದದ್ದು ಸಶಸ್ತ್ರ ದರೋಡೆ. ವಿಚಾರಿಸಬೇಕಾದವರು ಆ ದೇಶದವರೇ. ಸಿಂಗಾಪುರ ಜಲಸಂಧಿ ತೀರಾ ಕಿರಿದು, ಹೆಚ್ಚುಕಡಿಮೆ ಪೂರ್ತಿ ಯಾವುದಾದರೊಂದು ದೇಶದ ನೀರೇ. ಇಲ್ಲಿ ಕದ್ದು ಅಲ್ಲಿಗೆ ನುಸುಳುವವರಿಗೆ ಇದಕ್ಕಿಂತ ಅನುಕೂಲ ಬೇಕೆ!

ಅದಕ್ಕೇ 2004ರಿಂದ ಇಂಡೊನೇಷ್ಯಾ, ಮಲೇಷ್ಯಾ, ಸಿಂಗಾಪುರ ಹೊಂದಾಣಿಕೆಯ ಗಸ್ತು ನಡೆಸುತ್ತಿವೆ. 2006ರಲ್ಲಿ ಜಾರಿಗೆ ಬಂದ ರೀಕ್ಯಾಪ್ ಒಪ್ಪಂದದಡಿ ಭಾರತವೂ ಮಾಹಿತಿ ಹಂಚಿಕೊಳ್ಳುತ್ತದೆ.

ಸೊಮಾಲಿಯಾದ ಸುದ್ದಿ ಓದಿದ ನಮಗೆ ಹಡಗಿನ ಅಪಹರಣವೇ ನೆನಪಾಗುತ್ತದೆ. ಈ ಜಲಸಂಧಿಯಲ್ಲಿ ಅದು ಅಪರೂಪ. ರಾತ್ರಿ ಸಣ್ಣ ದೋಣಿಯಲ್ಲಿ ಬಂದು, ನಿಧಾನ ಸಾಗುವ ಹಡಗಿನ ಹಿಂಭಾಗದಿಂದ ಹತ್ತಿ, ಎಂಜಿನ್ ಬಿಡಿಭಾಗ ಕದ್ದು ಇಳಿಯುವವರೇ ಹೆಚ್ಚು. ಹಾಗಾಗಿ ಬಂದೂಕಿಗಿಂತ ಡೆಕ್‌ನ ಬೆಳಕು, ಬಾಗಿಲುಗಳ ಬೀಗ, ಹಿಂಭಾಗದಲ್ಲಿ ಹೆಚ್ಚುವರಿ ಕಾವಲು ಕೆಲಸಕ್ಕೆ ಬರುತ್ತವೆ. ಕಳ್ಳರು ಕಂಡರೆ ಸಿಬ್ಬಂದಿ ಅಲಾರಂ ಹೊಡೆದು ಒಳಗೆ ಸೇರಿ ಬಾಗಿಲು ಭದ್ರಪಡಿಸಿಕೊಳ್ಳಬೇಕು, ಕೈಮಿಲಾಯಿಸಲು ಹೋಗಬಾರದು.