ಐದು ದಿನದ ರೋಷ, ಐದು ವರ್ಷದ ಸತ್ಯ



ಕನ್ನಡದ ಮೊದಲ ಪತ್ರಿಕೆ ‘ಮಂಗಳೂರು ಸಮಾಚಾರ’ ಬೆಳಕು ಕಂಡದ್ದು 1843ರ ಜುಲೈ ತಿಂಗಳಲ್ಲಿ. ಬಾಸೆಲ್ ಮಿಷನ್ನಿನ ಹರ್ಮನ್ ಮೊಗ್ಲಿಂಗ್ ಅವರು ಅದನ್ನು ಕಲ್ಲಚ್ಚಿನಲ್ಲಿ ಮುದ್ರಿಸಿ ಹದಿನೈದು ದಿನಗಳಿಗೊಮ್ಮೆ ಹೊರತರುತ್ತಿದ್ದರು. ಅಂದು ಮಂಗಳೂರಿನ ಸುದ್ದಿ ಘಟ್ಟ ಹತ್ತಿ ಹಳಿಯಾಳಕ್ಕೆ ಬರಬೇಕಾದರೆ ಎಷ್ಟೋ ದಿನಗಳು ಬೇಕಾಗಿದ್ದವು. ಆ ವಿಳಂಬವನ್ನು ನಾವು ಇಂದು ಕೊರತೆಯೆಂದು ಎಣಿಸುತ್ತೇವೆ. ಆದರೆ ಅದರೊಳಗೆ ಒಂದು ರಕ್ಷಣೆಯೂ ಅಡಗಿತ್ತು. ಸುದ್ದಿಯನ್ನು ಕೇಳಿದವನು ರೋಷಗೊಳ್ಳುವ ಮುನ್ನ ವಿಚಾರಿಸಲು ಸಮಯವಿತ್ತು. ಇಂದು ಸುದ್ದಿ ಅಂಗೈಗೆ ಬಂದಿದೆ. ವಿಚಾರಿಸುವ ಸಮಯ ಮಾತ್ರ ಕೈಜಾರಿದೆ.

ಇದು ಮೊಬೈಲಿನಿಂದಲೇ ಹುಟ್ಟಿದ ರೋಗವಲ್ಲ. 1994ರ ಅಕ್ಟೋಬರ್ 2ರಂದು ಬೆಂಗಳೂರು ದೂರದರ್ಶನವು ಹತ್ತು ನಿಮಿಷಗಳ ಉರ್ದು ವಾರ್ತೆಯನ್ನು ಆರಂಭಿಸಿತು. ಪ್ರಸಾರದ ವೇಳೆಯ ಬಗ್ಗೆ ಭಿನ್ನಾಭಿಪ್ರಾಯವಿರುವುದು ಸಹಜ; ಕುಳಿತು ಚರ್ಚಿಸಿದ್ದರೆ ಬಗೆಹರಿಯಬಹುದಾಗಿದ್ದ ವಿಷಯವದು. ಆದರೆ ಅದು ಭಾಷೆಯ ಅಳಿವು ಉಳಿವಿನ ಪ್ರಶ್ನೆಯಾಗಿ, ಬಳಿಕ ಮತದ ಪ್ರಶ್ನೆಯಾಗಿ ಬೆಳೆಯಿತು. ಕೆಲವೇ ದಿನಗಳಲ್ಲಿ ಗಲಭೆ ಹೊತ್ತಿ ಇಪ್ಪತ್ತಕ್ಕೂ ಹೆಚ್ಚು ಜನರು ಪ್ರಾಣ ಕಳೆದುಕೊಂಡರು. ವಾರ್ತೆ ನಿಂತಿತು, ಸತ್ತವರು ಮರಳಲಿಲ್ಲ. ಆ ವರ್ಷದ ಕೊನೆಗೆ ವಿಧಾನಸಭಾ ಚುನಾವಣೆ ಇತ್ತು ಎಂಬುದನ್ನು ನಾವು ಮರೆಯಬಾರದು.

2008ರಲ್ಲಿ ಆ ಬೆಂಕಿ ನಮ್ಮ ದೇವಾಲಯಗಳ ಬಾಗಿಲಿಗೇ ಬಂದಿತು. ‘ಸತ್ಯದರ್ಶಿನಿ’ ಎಂಬ ಪುಸ್ತಕದಲ್ಲಿ ಹಿಂದೂ ದೇವತೆಗಳ ನಿಂದನೆಯಿದೆ ಎಂಬ ಆಕ್ರೋಶ ಹಬ್ಬಿತ್ತು. ಆ ಪುಸ್ತಕಕ್ಕೂ ಕಥೋಲಿಕ ಧರ್ಮಸಭೆಗೂ ಸಂಬಂಧವಿರಲಿಲ್ಲ. ಹಾಗಿದ್ದರೂ ಸೆಪ್ಟೆಂಬರ್ 14ರ ಭಾನುವಾರ, ಪವಿತ್ರ ಶಿಲುಬೆಯ ಹಬ್ಬದಂದೇ, ಮಂಗಳೂರಿನಲ್ಲಿ ಮೌನ ಆರಾಧನೆಯಲ್ಲಿ ಬಾಳುವ ಕನ್ಯಾಸ್ತ್ರೀಯರ ಮಠದ ಪ್ರಾರ್ಥನಾಲಯದ ಮೇಲೆ ದಾಳಿ ನಡೆಯಿತು. ನ್ಯಾಯಮೂರ್ತಿ ಬಿ. ಕೆ. ಸೋಮಶೇಖರ ಆಯೋಗವು ತನ್ನ ಅಂತಿಮ ವರದಿಯನ್ನು ಒಪ್ಪಿಸಿದ್ದು 2011ರ ಜನವರಿಯಲ್ಲಿ. ರೋಷಕ್ಕೆ ವಿಳಾಸ ಓದುವ ತಾಳ್ಮೆಯಿಲ್ಲ. ಎದುರಿಗೆ ಸಿಕ್ಕಿದ ಮನೆಯ ಕದವನ್ನೇ ಅದು ಬಡಿಯುತ್ತದೆ.

ಇನ್ನು ನಮ್ಮ ಜಿಲ್ಲೆಯ ಮಾತು. 2017ರ ಡಿಸೆಂಬರ್ 6ರಂದು ಹೊನ್ನಾವರದಲ್ಲಿ ಗಲಭೆ ನಡೆದ ರಾತ್ರಿ ಒಬ್ಬ ಯುವಕ ಕಾಣೆಯಾದನು. 8ರಂದು ಶೆಟ್ಟಿಕೆರೆಯಲ್ಲಿ ಅವನ ಶವ ದೊರೆಯಿತು. ಒಂದು ಮನೆ ಮಗನನ್ನು ಕಳೆದುಕೊಂಡಿತ್ತು. ಆ ತಾಯಿತಂದೆಯರ ದುಃಖ ನಿಜವಾದದ್ದು. ಆದರೆ ಆ ದುಃಖದ ಮೇಲೆ ಬೇರೆಯವರು ಕಥೆ ಕಟ್ಟಿದರು. ಅವನಿಗೆ ಘೋರ ಚಿತ್ರಹಿಂಸೆ ನೀಡಲಾಗಿದೆಯೆಂಬ ಸಂದೇಶಗಳು ಫೋನಿನಿಂದ ಫೋನಿಗೆ ಹರಿದವು. ಶವಪರೀಕ್ಷೆ ನಡೆಸಿದ ವೈದ್ಯರ ಉತ್ತರಗಳನ್ನು ಪೊಲೀಸರು ಬಹಿರಂಗಪಡಿಸಿ ಅದನ್ನು ಅಲ್ಲಗಳೆದರೂ ಕೇಳುವ ಕಿವಿಗಳಿರಲಿಲ್ಲ. 11ರಂದು ಕುಮಟಾದಲ್ಲಿ ಪೊಲೀಸ್ ಮಹಾನಿರೀಕ್ಷಕರ ವಾಹನವೇ ಸುಟ್ಟುಹೋಯಿತು. 12ರಂದು ಮುಂಡಗೋಡಿನ ನೆರೆಯ ಶಿರಸಿಯಲ್ಲಿ ಬಂದ್ ಹಿಂಸೆಗೆ ತಿರುಗಿತು. ಅನೇಕ ಯುವಕರ ಮೇಲೆ ಮೊಕದ್ದಮೆಗಳು ಬಿದ್ದವು. ಮುಂದಿನ ಮೇ ತಿಂಗಳಲ್ಲಿ ಇಲ್ಲಿಯೂ ಚುನಾವಣೆ ಇತ್ತು.

ತನಿಖೆಯನ್ನು ಸಿಬಿಐಗೆ ವಹಿಸಲಾಯಿತು. ಅದು 2022ರ ಅಕ್ಟೋಬರಿನಲ್ಲಿ ಹೊನ್ನಾವರದ ನ್ಯಾಯಾಲಯಕ್ಕೆ ವರದಿ ಸಲ್ಲಿಸಿತು: ಇದು ಕೊಲೆಯಲ್ಲ, ನೀರಿನಲ್ಲಿ ಮುಳುಗಿ ಸಂಭವಿಸಿದ ಆಕಸ್ಮಿಕ ಸಾವು. ಆ ವರದಿಯನ್ನು ಒಪ್ಪದವರಿಗೆ ನ್ಯಾಯಾಲಯದ ಬಾಗಿಲು ತೆರೆದೇ ಇದೆ. ನಾನು ಕೇಳುವ ಪ್ರಶ್ನೆ ಬೇರೆ. ಶವ ಸಿಕ್ಕಿದ ದಿನದಿಂದ ಶಿರಸಿ ಹೊತ್ತುವವರೆಗೆ ಐದೇ ದಿನ. ತನಿಖೆ ಮುಗಿಯಲು ಸುಮಾರು ಐದು ವರ್ಷ. ಅಂದು ಚಿತ್ರಹಿಂಸೆಯ ಕಥೆಯನ್ನು ನೂರು ಜನರಿಗೆ ಕಳುಹಿಸಿದವರಲ್ಲಿ ಎಷ್ಟು ಮಂದಿ ಈ ವರದಿಯ ಸುದ್ದಿಯನ್ನು ಅದೇ ನೂರು ಜನರಿಗೆ ಕಳುಹಿಸಿದರು?

ಏಕೆ ಹೀಗಾಗುತ್ತದೆ? ನೋಡುಗರು ಎದ್ದು ಹೋಗದಂತೆ ಹಿಡಿದಿಡಲು ಸುದ್ದಿವಾಹಿನಿಗೆ ಜಗಳ ಬೇಕು; ನಾವು ನೋಡುವ ಪ್ರತಿ ನಿಮಿಷವೂ ಜಾಹೀರಾತಿನ ಹಣವಾಗುತ್ತದೆ. ಮೊಬೈಲಿನ ಜಾಲತಾಣಗಳೂ ನಮ್ಮನ್ನು ಕೆರಳಿಸಿದ್ದನ್ನೇ ಮತ್ತೆ ಮತ್ತೆ ಮುಂದಿಡುತ್ತವೆ. ಕೆರಳಿದ ಜನರನ್ನು ಎರಡು ಪಾಳೆಯಗಳಾಗಿ ಒಡೆಯುವುದು ರಾಜಕೀಯಕ್ಕೆ ಸುಲಭ. ಸಮಾಧಾನದಿಂದಿರುವ ನೆರೆಹೊರೆಯಿಂದ ಇವರಾರಿಗೂ ಲಾಭವಿಲ್ಲ.

ಆದರೆ ದಾಂಡೇಲಿ, ಹಳಿಯಾಳ, ಜೋಯಿಡಾ, ಮುಂಡಗೋಡ ತಾಲ್ಲೂಕುಗಳ ನಾವು ಬದುಕುತ್ತಿರುವುದೇ ನೆರೆಹೊರೆಯ ಬಲದಿಂದ. ದಾಂಡೇಲಿಯ ಕಾಗದದ ಕಾರ್ಖಾನೆ ನಾನಾ ಭಾಷೆಯ ಕಾರ್ಮಿಕರನ್ನು ಒಂದೇ ಬೀದಿಯ ಜನರನ್ನಾಗಿಸಿತು. ಸೂಪಾ ಅಣೆಕಟ್ಟಿನ ನೀರಿನಲ್ಲಿ ಊರನ್ನೇ ಕಳೆದುಕೊಂಡವರು ಜೋಯಿಡಾ ತಾಲ್ಲೂಕಿನ ರಾಮನಗರದಲ್ಲಿ ಹೊಸ ಬಾಳು ಕಟ್ಟಿಕೊಂಡರು. 1966ರಿಂದ ಮುಂಡಗೋಡಿನ ನೆಲ ಟಿಬೆಟಿನ ನಿರಾಶ್ರಿತರಿಗೆ ಆಶ್ರಯವಾಯಿತು. ನಮ್ಮ ಸಿದ್ದಿ ಬಂಧುಗಳಲ್ಲಿ ಹಿಂದೂಗಳಿದ್ದಾರೆ, ಮುಸಲ್ಮಾನರಿದ್ದಾರೆ, ಕ್ರೈಸ್ತರಿದ್ದಾರೆ. ಎಲ್ಲರೂ ಒಂದೇ ಬೇರಿನ ಕೊಂಬೆಗಳು. ಇಂತಹ ನೆಲದಲ್ಲಿ ಒಂದು ಸುಳ್ಳು ಸಂದೇಶ ಸುಡುವುದು ದೂರದ ಶತ್ರುವನ್ನಲ್ಲ, ಪಕ್ಕದ ಮನೆಯನ್ನು. ಕಾಡಿನಂಚಿನಲ್ಲಿ ವಾಸಿಸುವ ನಮಗೆ ಬೇಸಿಗೆಯ ಒಂದು ಕಿಡಿ ಏನು ಮಾಡಬಲ್ಲದೆಂದು ಯಾರೂ ಹೇಳಿಕೊಡಬೇಕಾಗಿಲ್ಲ. ಸಂತ ಯಕೋಬರು ನಾಲಿಗೆಯನ್ನು ಅಂತಹ ಕಿಡಿಗೇ ಹೋಲಿಸಿದರು. ಇಂದು ಅವರು ಬರೆದಿದ್ದರೆ ಹೆಬ್ಬೆರಳನ್ನೂ ಸೇರಿಸುತ್ತಿದ್ದರೇನೋ!

ಪಿಲಾತನ ಅಂಗಳದಲ್ಲಿ ಕೂಗಿದ ಜನಸಮೂಹವನ್ನು ನೆನೆಯಿರಿ. ಮಹಾಯಾಜಕರು ಅವರನ್ನು ಕೆರಳಿಸಿದರೆಂದು ಮಾರ್ಕನ ಶುಭಸಂದೇಶ ತಿಳಿಸುತ್ತದೆ. ‘ಇವನು ಮಾಡಿದ ಕೇಡಾದರೂ ಏನು’ ಎಂದು ಪಿಲಾತನು ಕೇಳಿದಾಗ ಅವರಲ್ಲಿ ಉತ್ತರವಿರಲಿಲ್ಲ. ಕೂಗು ಮಾತ್ರ ಇನ್ನಷ್ಟು ಹೆಚ್ಚಿತು. ಉತ್ತರವಿಲ್ಲದ ಕಡೆ ಕೂಗು ಏರುವುದನ್ನು ನಾವು ಪ್ರತಿ ಪವಿತ್ರ ವಾರದಲ್ಲಿ ಓದುತ್ತೇವೆ, ಪ್ರತಿ ರಾತ್ರಿ ಟಿವಿಯಲ್ಲಿ ನೋಡುತ್ತೇವೆ. 2018ರ ಸಂಪರ್ಕ ಮಾಧ್ಯಮ ದಿನಕ್ಕೆ ಜಗದ್ಗುರು ಫ್ರಾನ್ಸಿಸರು ಸುಳ್ಳು ಸುದ್ದಿಯನ್ನೇ ವಿಷಯವಾಗಿ ಆರಿಸಿಕೊಂಡಾಗ, ಅದರ ಮೂಲವನ್ನು ಏದೆನ್ ತೋಟದ ಸರ್ಪದಲ್ಲಿ ಗುರುತಿಸಿದರು.

ಎಂಟನೆಯ ದೇವಾಜ್ಞೆ ಸುಳ್ಳುಸಾಕ್ಷಿಯನ್ನು ನಿಷೇಧಿಸುತ್ತದೆ. ಇದರ ಜೊತೆಗೆ ಧರ್ಮಸಭೆ ಕಲಿಸುವ ಇನ್ನೊಂದು ಮಾತನ್ನು ನಾವು ಹೆಚ್ಚಾಗಿ ಮರೆಯುತ್ತೇವೆ: ಸತ್ಯಕ್ಕೆ ವಿರುದ್ಧವಾದ ಪಾಪಕ್ಕೆ ಕ್ಷಮೆ ದೊರೆತರೂ ಪರಿಹಾರ ಸಲ್ಲಿಸುವ ಹೊಣೆ ಉಳಿಯುತ್ತದೆ. ಕದ್ದವನು ಹಿಂದಿರುಗಿಸಬೇಕಾದಂತೆ, ಸುಳ್ಳನ್ನು ಹರಡಿದವನು ಸತ್ಯವನ್ನು ಹರಡಲೇಬೇಕು. ಅದನ್ನು ಕ್ರೈಸ್ತನು ಹರಡಿದನೋ ಬೇರೆಯವನು ಹರಡಿದನೋ ಎಂಬ ಭೇದ ಇಲ್ಲಿಲ್ಲ. ನಮ್ಮ ಸಮುದಾಯದ ಮೇಲಿನ ದಾಳಿಯೆಂದು ಬರುವ ಪ್ರತಿಯೊಂದು ಚಿತ್ರವನ್ನೂ ವಿಚಾರಿಸದೆ ಕಳುಹಿಸುವವರು ನಮ್ಮಲ್ಲಿಯೂ ಇದ್ದಾರೆ.

ಆದ್ದರಿಂದ ಈ ತಿಂಗಳು ಮನೆಯಲ್ಲಿ ಜಪಸರ ಮುಗಿದ ಮೇಲೆ ಒಂದು ಕೆಲಸ ಮಾಡಿರಿ. ನಿಮ್ಮ ಮೊಬೈಲಿನಿಂದ ಹೋದ ಯಾವುದಾದರೂ ರೋಷದ ಸಂದೇಶ ಸುಳ್ಳೆಂದು ಬಳಿಕ ತಿಳಿದಿದ್ದರೆ, ಅದನ್ನು ಕಳುಹಿಸಿದ ಅದೇ ಜನರಿಗೆ ನಿಜ ಸಂಗತಿಯನ್ನು ಎರಡು ಸಾಲುಗಳಲ್ಲಿ ಬರೆದು ಕಳುಹಿಸಿರಿ. ನಾಚಿಕೆಯಾಗಬಹುದು. ಆದರೆ ಮಕ್ಕಳು ಅದನ್ನು ನೋಡಲಿ. ಸತ್ಯಕ್ಕೆ ಸಲ್ಲಬೇಕಾದ ಸಾಲವನ್ನು ತೀರಿಸುವುದು ಹೇಗೆಂದು ಅವರು ಮನೆಯಲ್ಲೇ ಕಲಿಯಲಿ.