ಹತ್ತಿಯ ಕಾಲುವೆ, ರೈತನ ಕರುಳು

ಅರಬ್ ಜಗತ್ತಿನ ಮನೆಮಾತಾಗಿದ್ದ ಈಜಿಪ್ಟಿನ ಗಾಯಕ ಅಬ್ದುಲ್ ಹಲೀಂ ಹಾಫಿಝ್ 1977ರಲ್ಲಿ ಲಂಡನ್ನಿನ ಆಸ್ಪತ್ರೆಯಲ್ಲಿ ತೀರಿಕೊಂಡಾಗ ಅವರಿಗೆ 47 ವರ್ಷ. ಬಾಲ್ಯದಲ್ಲಿ ಹುಟ್ಟೂರಿನ ಕಾಲುವೆಯಿಂದ ಮೈಸೇರಿದ್ದ ಒಂದು ಹುಳು ಅವರ ಯಕೃತ್ತನ್ನು ತಿಂದು ಹಾಕಿತ್ತು. ಹೆಸರು ಬಂತು, ಹಣ ಬಂತು, ಯುರೋಪಿನ ಚಿಕಿತ್ಸೆಯೂ ದೊರೆಯಿತು. ಆದರೆ ಆಗಲೇ ತಡವಾಗಿತ್ತು.

ಭೇದಿ ಎಂದೊಡನೆ ನಾವು ಕೆಟ್ಟ ಆಹಾರ, ಕೆಟ್ಟ ನೀರು ಎಂದು ಹೇಳಿ ಮುಗಿಸಿಬಿಡುತ್ತೇವೆ. ಆ ನೀರು ಕೆಟ್ಟದ್ದು ಹೇಗೆ, ಯಾರಿಂದ ಎಂದು ಕೇಳುವುದು ಕಡಿಮೆ. ಈಜಿಪ್ಟಿನ ಬಿಲ್ಹಾರ್ಝಿಯಾ ಹುಳುವಿನ ಚರಿತ್ರೆ ಆ ಪ್ರಶ್ನೆಯನ್ನು ನಮ್ಮ ಮುಂದಿಡುತ್ತದೆ.

1851ರಲ್ಲಿ ಕೈರೋದ ಕಸ್ರುಲ್ ಐನಿ ಆಸ್ಪತ್ರೆಯಲ್ಲಿ ಶವಪರೀಕ್ಷೆ ನಡೆಸುತ್ತಿದ್ದ ಜರ್ಮನ್ ವೈದ್ಯ ಥಿಯೋಡೋರ್ ಬಿಲ್ಹಾರ್ಝ್ ಈ ಹುಳುವನ್ನು ರಕ್ತನಾಳದೊಳಗೆ ಕಂಡರು. ಈಜಿಪ್ಟಿನಲ್ಲಿ ಇದರ ಎರಡು ಬಗೆಗಳಿವೆ. ಒಂದು ಮೂತ್ರಕೋಶವನ್ನು ಹಿಡಿಯುತ್ತದೆ. ಇನ್ನೊಂದು ಕರುಳಿನ ರಕ್ತನಾಳಗಳಲ್ಲಿ ನೆಲೆಸುತ್ತದೆ. ಅದರ ಮೊಟ್ಟೆಗಳು ಕರುಳಿನ ಗೋಡೆಯನ್ನು ಸೀಳಿಕೊಂಡು ಹೊರಬರುವಾಗ ಹೊಟ್ಟೆನೋವು, ಭೇದಿ, ಮಲದಲ್ಲಿ ರಕ್ತ. ಹೊರಬಾರದ ಮೊಟ್ಟೆಗಳು ಯಕೃತ್ತಿನಲ್ಲಿ ಸಿಕ್ಕಿಕೊಂಡು ಅದನ್ನು ಗಟ್ಟಿಯಾಗಿಸುತ್ತವೆ. ಬಸವನಹುಳುವಿನ ದೇಹದಲ್ಲಿ ಬೆಳೆದ ಮರಿಗಳು ನೀರಿಗಿಳಿದವರ ಚರ್ಮವನ್ನು ಕೊರೆದು ಒಳಸೇರುತ್ತವೆ ಎಂಬುದನ್ನು 1915ರಲ್ಲಿ ಬ್ರಿಟಿಷ್ ಸೇನೆಯ ಪರವಾಗಿ ಬಂದಿದ್ದ ರಾಬರ್ಟ್ ಲೀಪರ್ ಕೈರೋ ಸಮೀಪದ ಮರ್ಜ್ ಎಂಬಲ್ಲಿ ತೋರಿಸಿಕೊಟ್ಟರು. ಅಂದರೆ ಆ ನೀರನ್ನು ಕುಡಿಯಲೇಬೇಕೆಂದಿಲ್ಲ, ಕಾಲಿಟ್ಟರೆ ಸಾಕು.

ರೋಗ ಹೊಸದೇನಲ್ಲ. ಸುಮಾರು 3000 ವರ್ಷ ಹಳೆಯ ಮಮ್ಮಿಗಳಲ್ಲೇ ಈ ಜಾತಿಯ ಹುಳುವಿನ ಮೊಟ್ಟೆಗಳು ಸಿಕ್ಕಿವೆ. ಆದರೆ ಹಿಂದೆ ನೈಲ್ ವರ್ಷಕ್ಕೊಮ್ಮೆ ಉಕ್ಕಿ, ಒಡ್ಡು ಕಟ್ಟಿದ ಹೊಲಗಳಲ್ಲಿ ನಿಂತು, ಇಳಿದುಹೋಗುತ್ತಿತ್ತು. ಅಂತಹ ಹೊಲಕ್ಕೆ ಅಲ್ಲಿನವರು ಹೇಳುತ್ತಿದ್ದುದು, ನಮ್ಮ ಮಸೀದಿಯ ಕೊಳಕ್ಕೆ ನಾವು ಹೇಳುವಂತೆಯೇ, ಹೌಝ್ ಎಂದು. ನೀರಿಳಿದ ಮೇಲೆ ನೆಲ ಒಣಗಿ ಬಿರಿಯುತ್ತಿತ್ತು, ಬಸವನಹುಳುಗಳು ಸಾಯುತ್ತಿದ್ದವು. ಹತ್ತೊಂಬತ್ತನೆಯ ಶತಮಾನದಲ್ಲಿ ಮುಹಮ್ಮದ್ ಅಲಿ ಪಾಷಾನಿಗೆ ಯುರೋಪಿನ ಗಿರಣಿಗಳಿಗೆ ಮಾರಲು ಹತ್ತಿ ಬೇಕಾಯಿತು. ಹತ್ತಿಗೆ ಬೇಸಿಗೆಯಲ್ಲೂ ನೀರು ಬೇಕು. ರೈತರನ್ನು ಬಿಟ್ಟಿ ದುಡಿಮೆಗೆ ಹಿಡಿದು ಆಳವಾದ ಕಾಲುವೆಗಳನ್ನು ತೋಡಿಸಲಾಯಿತು. ಬ್ರಿಟಿಷರು 1902ರಲ್ಲಿ ಅಸ್ವಾನ್‌ನಲ್ಲಿ ಅಣೆಕಟ್ಟು ಕಟ್ಟಿದರು. ಹತ್ತಿ ಹೊರಗೆ ಹೋಯಿತು. ಬಸವನಹುಳುಗಳಿಗೆ ವರ್ಷವಿಡೀ ನೀರು ಸಿಕ್ಕಿತು.

ಇದು ಊಹೆಯ ಮಾತಲ್ಲ. ಈಜಿಪ್ಟಿನವರೇ ಆದ ಡಾ. ಮುಹಮ್ಮದ್ ಖಲೀಲ್ ಮತ್ತು ಸಂಗಡಿಗರು ಅಸ್ವಾನ್ ಪ್ರಾಂತ್ಯದಲ್ಲಿ ಹೊಸ ನೀರಾವರಿ ಬಂದ ಊರುಗಳನ್ನು ಪರೀಕ್ಷಿಸಿದರು. ಬಿನ್‌ಬಾನ್‌ನಲ್ಲಿ 1934ರಲ್ಲಿ ನೂರಕ್ಕೆ 2 ಮಂದಿಗಿದ್ದ ಸೋಂಕು 1937ರಲ್ಲಿ 75 ಮಂದಿಗಿತ್ತು. ಅಲ್ಲಿ ಹೆಚ್ಚಿದ್ದು ಮೂತ್ರದ ಬಗೆ. 1970ರಲ್ಲಿ ಹೊಸ ಅಸ್ವಾನ್ ಅಣೆಕಟ್ಟು ಪೂರ್ಣಗೊಂಡ ಮೇಲೆ ಉತ್ತರದ ನೈಲ್ ಮುಖಜ ಭೂಮಿಯಲ್ಲಿ ಅದು ತಗ್ಗಿ, ಕರುಳಿನ ಬಗೆ ಅದರ ಜಾಗವನ್ನು ಹಿಡಿಯಿತು.

ರೈತನ ಕೊಳಕುತನವೇ ಕಾರಣ ಎಂದು ಹೇಳುವುದು ಸುಲಭ. ನಿಂತ ನೀರಿನಲ್ಲಿ ಮೂತ್ರ ಮಾಡುವುದನ್ನೂ ಜನರು ಬಳಸುವ ನೀರಿನ ತಾಣಗಳಲ್ಲಿ ಮಲವಿಸರ್ಜನೆ ಮಾಡುವುದನ್ನೂ ಪ್ರವಾದಿವರ್ಯರು(ಸ) ನಿಷೇಧಿಸಿದ್ದರೆಂಬುದು ನಮಗೆಲ್ಲ ಗೊತ್ತು. ಆ ರೈತನಿಗೂ ಗೊತ್ತಿತ್ತು. ಆದರೆ ಬೆಳಗಿನಿಂದ ಸಂಜೆಯವರೆಗೆ ಅನ್ಯರ ಹೊಲದಲ್ಲಿ ದುಡಿಯುವವನಿಗೆ ಶೌಚಾಲಯ ಎಲ್ಲಿತ್ತು? ಅವನು ವುಝೂ ಮಾಡಿದ್ದೂ, ಅವನ ಹೆಂಡತಿ ಪಾತ್ರೆ ತೊಳೆದದ್ದೂ, ಮಕ್ಕಳು ಈಜಿದ್ದೂ ಅದೇ ಕಾಲುವೆಯಲ್ಲಿ. ಬೇರೆ ನೀರನ್ನು ಅವನಿಗೆ ಯಾರೂ ಕೊಟ್ಟಿರಲಿಲ್ಲ.

ಔಷಧದ ಕಥೆ ಇನ್ನೂ ನೋವಿನದು. 1950ರ ದಶಕದಿಂದ 80ರ ದಶಕದವರೆಗೆ ಸರಕಾರವು ಹಳ್ಳಿಹಳ್ಳಿಗಳಲ್ಲಿ ಟಾರ್ಟಾರ್ ಎಮೆಟಿಕ್ ಎಂಬ ಮದ್ದನ್ನು ಚುಚ್ಚಿಸಿತು. ಒಬ್ಬೊಬ್ಬ ರೋಗಿಗೂ ಹಲವು ಚುಚ್ಚುಮದ್ದು. ಗಾಜಿನ ಸಿರಿಂಜುಗಳು ಸರಿಯಾಗಿ ಕುದಿಯದೆಯೇ ಒಬ್ಬರ ತೋಳಿನಿಂದ ಇನ್ನೊಬ್ಬರ ತೋಳಿಗೆ ಹೋದವು. ಹೆಪಟೈಟಿಸ್-ಸಿ ಎಂಬ ವೈರಸ್ಸಿನ ಹೆಸರೇ ಆಗ ಯಾರಿಗೂ ತಿಳಿದಿರಲಿಲ್ಲ; ಅದನ್ನು ಗುರುತಿಸಿದ್ದು 1989ರಲ್ಲಿ. ಈಜಿಪ್ಟಿನಲ್ಲಿ ಈ ಕಾಯಿಲೆ ಅಷ್ಟು ವ್ಯಾಪಕವಾಗಲು ಆ ಚುಚ್ಚುಮದ್ದಿನ ಅಭಿಯಾನವೇ ಮುಖ್ಯ ಕಾರಣವೆಂದು 2000ದಲ್ಲಿ ಪ್ರಕಟವಾದ ಸಂಶೋಧನೆ ಹೇಳಿತು. ಹುಳುವಿನಿಂದ ಬಚಾವಾದವರ ಯಕೃತ್ತನ್ನು ವೈರಸ್ಸು ಹಿಡಿದಿತ್ತು.

ಮುಂದೆ ಚುಚ್ಚುಮದ್ದಿನ ಬದಲು ಪ್ರಾಝಿಕ್ವಾಂಟೆಲ್ ಗುಳಿಗೆ ಬಂದು ಬಿಲ್ಹಾರ್ಝಿಯಾ ಬಹಳ ಇಳಿಯಿತು. ವೈರಸ್ಸಿನ ಸಾಲ ತೀರಿಸಲು ಈಜಿಪ್ಟ್ 2018ರಲ್ಲಿ ಕೋಟಿಗಟ್ಟಲೆ ಜನರ ರಕ್ತಪರೀಕ್ಷೆಗಿಳಿದು, ಸೋಂಕಿತರಿಗೆ ಉಚಿತವಾಗಿ ಗುಳಿಗೆ ಕೊಟ್ಟಿತು. 2023ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಆ ಕೆಲಸವನ್ನು ಮನ್ನಿಸಿತು. ಅಷ್ಟರಲ್ಲಿ, ಬಾಲ್ಯದಲ್ಲಿ ಆ ಸಿರಿಂಜಿಗೆ ತೋಳೊಡ್ಡಿದ್ದವರು ಮುದುಕರಾಗಿದ್ದರು.